ಅಳದ ಕೂಸಿನ ಹತ್ತಿರ ಮೊದಲು ಹೋಗಿ

ಇವತ್ತಿನ ನನ್ನ ಮಾತು ಹಾವೇರಿ ಜಿಲ್ಲೆಯ ಹೊಸ ನರ್ಸುಗಳಿಗೆ. ಜಿ.ಎನ್.ಎಂ. ಅಥವಾ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ, ಹಾವೇರಿಯ ಜಿಲ್ಲಾ ಆಸ್ಪತ್ರೆಗೋ, ರಾಣೆಬೆನ್ನೂರು, ಬ್ಯಾಡಗಿಯ ತಾಲ್ಲೂಕು ಆಸ್ಪತ್ರೆಗಳಿಗೋ, ಖಾಸಗಿ ಮಕ್ಕಳ ದವಾಖಾನೆಗೋ ಕೆಲಸಕ್ಕೆ ಹೋಗಲು ಸಿದ್ಧರಾಗಿರುವ ಮಕ್ಕಳಿಗೆ. ನಿಮ್ಮ ತಾಯಿತಂದೆಯರೂ ಕೇಳಲಿ. ಡ್ಯೂಟಿ ಪಟ್ಟಿ ಬರೆಯುವ ಹಿರಿಯರು ಕೇಳಿದರಂತೂ ಇನ್ನೂ ಒಳ್ಳೆಯದು, ಅವರಿಗೆ ಹೇಳಲೇಬೇಕಾದ ಮಾತೊಂದಿದೆ. ಮಕ್ಕಳ ವಾರ್ಡಿನಲ್ಲೇ ಬಾಳಿನ ಬಹುಭಾಗ ಕಳೆದವಳು ನಾನು. ಆ ಸಲುಗೆಯಿಂದ ಮಾತಾಡುತ್ತೇನೆ.

ಕಾಲೇಜಿನಲ್ಲಿ ನೀವು ಕಲಿತದ್ದು ಹೆಚ್ಚಾಗಿ ದೊಡ್ಡವರ ಮೇಲೆ. ದೊಡ್ಡವರು ಬಾಯಿಬಿಟ್ಟು ಹೇಳುತ್ತಾರೆ: ಎದಿ ಹಿಡಿದೈತ್ರಿ, ಹೊಟ್ಟಿ ತೊಳಸಾಕ್ಹತ್ತೈತ್ರಿ, ಸೂಜಿ ಚುಚ್ಚಿದಲ್ಲಿ ಉರೀತೈತ್ರಿ. ಮಕ್ಕಳ ವಾರ್ಡಿಗೆ ಬಂದ ದಿನ ಈ ಆಸರೆ ತಪ್ಪಿಹೋಗುತ್ತದೆ. ಎಂಟು ತಿಂಗಳ ಕೂಸು ಎಲ್ಲಿ ನೋವು ಎಂದು ಹೇಳುವುದಿಲ್ಲ. ಮೂರು ವರ್ಷದ ಮಗು ನಿಮ್ಮ ಬಿಳಿ ಬಟ್ಟೆ ಕಂಡರೇ ಚೀರುತ್ತದೆ, ಆ ಚೀರಾಟದಲ್ಲಿ ರೋಗ ಎಷ್ಟು, ಹೆದರಿಕೆ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಹಾಗಾಗಿ ಮಕ್ಕಳ ನರ್ಸಿನ ಮೊದಲ ಕೆಲಸ ನೋಡುವುದು. ಔಷಧ, ಸಲೈನ್, ಯಂತ್ರ ಎಲ್ಲ ಅದರ ನಂತರ.

ಉಸಿರು ಎಣಿಸುವುದನ್ನೇ ನೋಡಿ. ಎಲ್ಲರೂ ಕಲಿತಿರುತ್ತಾರೆ, ಕೆಲವರು ಮಾತ್ರ ಸರಿಯಾಗಿ ಮಾಡುತ್ತಾರೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ದೊಡ್ಡವರಿಗೆ ನಡೆದೀತು. ಕೂಸಿನ ಉಸಿರು ಒಂದೇ ಲಯದಲ್ಲಿ ಹೋಗುವುದಿಲ್ಲ, ನಡುವೆ ನಿಂತು ಮತ್ತೆ ಓಡುತ್ತದೆ. ಅಂಗಿ ಎತ್ತಿ, ಕೂಸು ಅಳದೆ ಇರುವಾಗ, ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು, ಎರಡು ತಿಂಗಳಿಂದ ವರ್ಷದೊಳಗೆ 50, ಒಂದರಿಂದ ಐದು ವರ್ಷದವರೆಗೆ 40. ಇಷ್ಟು ಮುಟ್ಟಿದರೆ ಅದು ಜೋರುಸಿರು. ಎಣಿಸುವಾಗಲೇ ಪಕ್ಕೆಲುಬಿನ ಕೆಳಗೆ ಎದೆ ಒಳಸೇದುತ್ತಿದೆಯೇ, ಮೂಗಿನ ಹೊಳ್ಳೆ ಅಗಲವಾಗುತ್ತಿದೆಯೇ, ಉಸಿರು ಬಿಡುವಾಗ ನರಳುವ ಸದ್ದು ಬರುತ್ತಿದೆಯೇ ನೋಡಿಕೊಳ್ಳಿ. ಒಂದು ನಿಮಿಷದ ಈ ಕೆಲಸಕ್ಕೆ ಯಾವ ಯಂತ್ರವೂ ಬೇಡ. ಕೈಗಡಿಯಾರ ಸಾಕು.

ವಾರ್ಡಿಗೆ ಕಾಲಿಟ್ಟಾಗ ಹತ್ತು ಹಾಸಿಗೆಯಲ್ಲಿ ಎಂಟು ಮಕ್ಕಳು ಅಳುತ್ತಿರುತ್ತವೆ, ಎರಡು ಸುಮ್ಮನೆ ಮಲಗಿರುತ್ತವೆ. ಹೊಸಬರ ಕಾಲು ತಾನಾಗಿಯೇ ಅಳುವ ಮಗುವಿನ ಕಡೆ ಹೋಗುತ್ತದೆ. ಮೊದಲು ಸುಮ್ಮನಿರುವ ಎರಡರ ಹತ್ತಿರ ಹೋಗಿ. ಜೋರಾಗಿ ಅಳುವ ಮಗುವಿನಲ್ಲಿ ಉಸಿರಿದೆ, ಕಸುವಿದೆ. ಸೂಜಿ ಚುಚ್ಚಿದರೂ ಅಳದ, ಎತ್ತಿಕೊಂಡರೆ ಕುತ್ತಿಗೆ ಜೋಲುಬಿಡುವ, ಮೊಲೆ ಬಾಯಿಗಿಟ್ಟರೂ ಚೀಪದ ಕೂಸು ಅಪಾಯದಲ್ಲಿದೆ. ಹಗಲಿಡೀ ರಚ್ಚೆಹಿಡಿದಿದ್ದ ಮಗು ಸಂಜೆ ತಾನಾಗಿ ಸುಮ್ಮನಾಯಿತೆಂದು ನಿಟ್ಟುಸಿರು ಬಿಡಬೇಡಿ. ಮುಟ್ಟಿ ನೋಡಿ, ಎಬ್ಬಿಸಿ ನೋಡಿ.

ನೋಡುವುದರಲ್ಲಿ ನಿಮಗಿಂತ ಮುಂದೆ ಇರುವವಳು ತಾಯಿ. "ಯಾಕೋ ಕೂಸು ನಿನ್ನಿನಂಗ ಇಲ್ರೀ ಸಿಸ್ಟರ" ಎಂದು ಅವಳು ಬಂದರೆ, ಜ್ವರ ಇಲ್ಲ, ನಾಡಿ ಸರಿ ಇದೆ, ಹೋಗಿ ಮಲಗು ಎಂದು ಕಳಿಸಬೇಡಿ. ಏನು ಬದಲಾಗಿದೆ ಎಂದು ಅವಳಿಗೆ ಬಿಡಿಸಿ ಹೇಳಲು ಬಾರದೆ ಇರಬಹುದು. ಬದಲಾಗಿದೆ ಎಂಬುದು ಮಾತ್ರ ಅವಳಿಗೆ ಗೊತ್ತಾಗಿರುತ್ತದೆ. ಎದ್ದು ಹೋಗಿ, ಮತ್ತೊಮ್ಮೆ ಉಸಿರು ಎಣಿಸಿ, ಕೇಸ್ ಶೀಟಿನಲ್ಲಿ ತಾಯಿಯ ಮಾತನ್ನೂ ಬರೆಯಿರಿ, ವೈದ್ಯರಿಗೆ ಫೋನ್ ಮಾಡಿ. ರಾತ್ರಿ ಎಬ್ಬಿಸಿದರೆಂದು ವೈದ್ಯರು ಸಿಡುಕಿದರೆ ಸಿಡುಕಲಿ.

ಇನ್ನು ಹಸುಗೂಸುಗಳ ವಿಷಯ. ಇದು ನಮ್ಮ ಜಿಲ್ಲೆಗೆ ಬಹಳ ಮುಖ್ಯವಾದದ್ದು. ಹೆರಿಗೆ ಆಗುವ ಪ್ರತಿ ಸರ್ಕಾರಿ ದವಾಖಾನೆಯಲ್ಲೂ ಕೂಸಿನ ಆರೈಕೆಗೊಂದು ಮೂಲೆ, ತಾಲ್ಲೂಕು ಮಟ್ಟದಲ್ಲಿ ಕೂಸನ್ನು ಸ್ಥಿರಪಡಿಸುವ ಘಟಕ, ಜಿಲ್ಲಾ ಆಸ್ಪತ್ರೆಯಲ್ಲಿ ಎಸ್.ಎನ್.ಸಿ.ಯು. ಎನ್ನುವ ವಿಶೇಷ ಘಟಕ, ಹೀಗೆ ಮೂರು ಮೆಟ್ಟಿಲಿನ ವ್ಯವಸ್ಥೆ. ತೂಕ 1,800 ಗ್ರಾಮಿಗಿಂತ ಕಡಿಮೆ ಇದ್ದರೆ, ಅಥವಾ 34 ವಾರ ತುಂಬುವ ಮೊದಲೇ ಹುಟ್ಟಿದರೆ, ಕೂಸು ಆ ವಿಶೇಷ ಘಟಕಕ್ಕೆ ಬರಬೇಕು. ನಮ್ಮ ಜನ ಅದನ್ನು "ಪೆಟ್ಟಿಗ್ಯಾಗ ಇಡೋದು" ಅನ್ನುತ್ತಾರೆ. ಬ್ಯಾಡಗಿಯಲ್ಲಿ ಹುಟ್ಟಿದ ಒಂದೂವರೆ ಕಿಲೋ ಕೂಸು ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಸೇರಿ ಹಾವೇರಿಗೆ ಬರುವಷ್ಟರಲ್ಲಿ ಏನಾಗುತ್ತದೆ? ತಣ್ಣಗಾಗುತ್ತದೆ. ಕೂಸಿನ ಕಂಕುಳಿನ ಉಷ್ಣತೆ 36.5 ಡಿಗ್ರಿಗಿಂತ ಕೆಳಗಿಳಿದರೆ ರಕ್ತದ ಸಕ್ಕರೆಯೂ ಇಳಿಯತೊಡಗುತ್ತದೆ, ಉಸಿರೂ ಸೋಲುತ್ತದೆ. ಎಷ್ಟು ಒಳ್ಳೆಯ ಘಟಕ ಕಾದಿದ್ದರೂ, ದಾರಿಯಲ್ಲಿ ತಣ್ಣಗಾದ ಕೂಸಿಗೆ ಅಲ್ಲಿಯ ಅರ್ಧ ಉಪಯೋಗ ಕಳೆದುಹೋಗಿರುತ್ತದೆ.

ಅದಕ್ಕೇ ಬ್ಯಾಡಗಿಯ, ರಾಣೆಬೆನ್ನೂರಿನ ಹೊಸ ನರ್ಸಿನ ಕೈಯಲ್ಲಿ ಹಾವೇರಿಯ ಘಟಕದಷ್ಟೇ ದೊಡ್ಡ ಕೆಲಸವಿದೆ. ಅಂಗೈ ಹಿಂಬದಿಯಿಂದ ಕೂಸಿನ ಹೊಟ್ಟೆ ಮುಟ್ಟಿ, ಆಮೇಲೆ ಪಾದ ಮುಟ್ಟಿ. ಎರಡೂ ಬೆಚ್ಚಗಿದ್ದರೆ ಕ್ಷೇಮ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಚಳಿ ಹಿಡಿಯತೊಡಗಿದೆ. ಎರಡೂ ತಣ್ಣಗಿದ್ದರೆ ಮೊದಲು ಕೂಸನ್ನು ಬೆಚ್ಚಗೆ ಮಾಡಬೇಕು. ಆಂಬುಲೆನ್ಸಿನಲ್ಲಿ ತಾಯಿಯ ಬರಿ ಎದೆಗೆ ಬರಿಮೈ ಕೂಸನ್ನು ಒತ್ತಿ ಕೂರಿಸಿ, ತಲೆಗೆ ಕುಂಚಿಗಿ ಕಟ್ಟಿ, ಮೇಲೆ ಕೌದಿ ಹೊದಿಸಿ ಕಳಿಸಿ. ತಾಯಿ ಹೆರಿಗೆಯ ಮಂಚ ಬಿಟ್ಟು ಏಳುವ ಸ್ಥಿತಿಯಲ್ಲಿಲ್ಲದಿದ್ದರೆ ತಂದೆಯ ಎದೆ ಇದೆ, ಅಜ್ಜಿಯ ಎದೆ ಇದೆ. ತಂದೆಯಾದವನು ನಾಚಿಕೊಳ್ಳುತ್ತಾನೆ. "ಅಣ್ಣಾ, ಅಂಗಿ ಗುಂಡಿ ಬಿಚ್ಚು, ನಿನ್ನ ಕೂಸಿಗೆ ಈಗ ನೀನ ಪೆಟ್ಟಿಗಿ" ಎಂದು ಹೇಳಿ ನೋಡಿ, ತಕ್ಷಣ ಕೈ ಚಾಚುತ್ತಾನೆ.

ಕೂಸನ್ನು ಎದೆಗೆ ಹಾಕಿಕೊಳ್ಳುವ ಈ ಪದ್ಧತಿ ಹುಟ್ಟಿದ್ದು ಬಡತನದಲ್ಲಿ. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೊಟಾದಲ್ಲಿ, 1978ರ ಸುಮಾರಿಗೆ, ಪೆಟ್ಟಿಗೆಗಳು ಸಾಲದೆ ಒಂದರಲ್ಲೇ ಎರಡು ಮೂರು ಕೂಸುಗಳನ್ನಿಟ್ಟು, ಒಂದರ ಸೋಂಕು ಇನ್ನೊಂದಕ್ಕೆ ತಗುಲಿ ಸಾಯುತ್ತಿದ್ದಾಗ, ಡಾ. ಎಡ್ಗರ್ ರೇ ಅವರು ಕೂಸುಗಳನ್ನು ತಾಯಂದಿರ ಎದೆಗೇ ಕಟ್ಟಿಸಿದರು. ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳಲ್ಲಿ ಇದನ್ನು ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿತು. ಒಂದರಿಂದ 1.8 ಕಿಲೋ ತೂಕದ ಕೂಸುಗಳನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಹಾಕಿದಾಗ, 28 ದಿನದೊಳಗೆ ತೀರಿಹೋದವು ನೂರಕ್ಕೆ 12. ಪೆಟ್ಟಿಗೆಯಲ್ಲಿಟ್ಟು ಚೇತರಿಸಿದ ಮೇಲೆ ಎದೆಗೆ ಕೊಟ್ಟವುಗಳಲ್ಲಿ ನೂರಕ್ಕೆ 15.7. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲೂ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಆರೋಗ್ಯ ಇಲಾಖೆಯ ಜೊತೆಗೂಡಿ ಹಳ್ಳಿಯ ತಾಯಂದಿರು ಮನೆಯಲ್ಲೂ ಇದನ್ನು ನಡೆಸುವಂತೆ ಕೆಲಸ ಮಾಡಿದ್ದಾರೆ. ಕೊಪ್ಪಳದ ತಾಯಂದಿರಿಗೆ ಆದದ್ದು ನಮ್ಮ ಹಿರೇಕೆರೂರು, ಹಾನಗಲ್ಲಿನ ತಾಯಂದಿರಿಗೆ ಆಗದೆ ಏನು?

ಕೂಸಿನ ಜೊತೆ ಅಜ್ಜಿ ಬಂದೇ ಬರುತ್ತಾಳೆ. ಹೊಸ ನರ್ಸುಗಳಿಗೆ ವೈದ್ಯರಿಗಿಂತ ಹೆಚ್ಚು ಹೆದರಿಕೆ ಈ ಅಜ್ಜಿಯರದ್ದೇ. ಹುಟ್ಟಿದ ಕೂಡಲೇ ಬಿಸಿನೀರು ಎರೆಯಬೇಕು, ಮೊದಲ ದಿನದ ಹಳದಿ ಹಾಲು ಹಿಂಡಿ ಚೆಲ್ಲಬೇಕು, ಜೇನು ನೆಕ್ಕಿಸಬೇಕು, ಬಜಿ ತೇಯಬೇಕು ಎಂದೆಲ್ಲ ಅವಳಿಗೆ ಅವಳ ಅತ್ತೆ ಕಲಿಸಿದ್ದು. "ನಿಮಗ ಗೊತ್ತಾಗೂದಿಲ್ಲ, ಸುಮ್ನಿರ್ರಿ" ಎಂದು ಒಮ್ಮೆ ಹೇಳಿದರೆ ಆ ಮನೆಯ ಬಾಗಿಲು ನಿಮಗೆ ಮುಚ್ಚಿತು. "ಅಜ್ಜಿ, ಎಷ್ಟ ಮಕ್ಕಳನ್ನ ಎತ್ತಿ ಆಡಿಸಿದಿ ನೀನು? ಈ ಕೂಸು ಸಣ್ಣದೈತಿ, ನೀರು ಹಾಕಿದ್ರ ತಣ್ಣಗಾಗ್ತೈತಿ. ಇವತ್ತೊಂದಿನ ಬ್ಯಾಡ. ಮೊದಲ ಹಾಲು ಚೆಲ್ಲದಂಗ ನೀನ ನೋಡ್ಕೊಬೇಕು" ಎಂದು ಕೆಲಸ ಅವಳಿಗೇ ಒಪ್ಪಿಸಿ. ಅವಳೇ ನಿಮ್ಮ ಪರವಾಗಿ ಸೊಸೆಯ ಬಳಿ ಕಾವಲು ಕೂರುತ್ತಾಳೆ. ಕೂಸಿನ ಹೊಟ್ಟೆಯ ಮೇಲೆ ಬರೆ ಎಳೆದು ತಂದದ್ದು ಕಂಡರೂ ಕೂಗಾಡಬೇಡಿ. ಆ ಸಿಟ್ಟು ಎಂಥದ್ದೆಂದು ನನಗೆ ಗೊತ್ತು. ಆದರೆ ಬೈಸಿಕೊಂಡವರು ಮುಂದಿನ ಸಲ ಕೂಸನ್ನು ತಡವಾಗಿ ತರುತ್ತಾರೆ, ಇಲ್ಲವೇ ತರುವುದೇ ಇಲ್ಲ.

ಔಷಧದ ಲೆಕ್ಕಕ್ಕೆ ಬರುತ್ತೇನೆ. ಇಲ್ಲಿ ದಾಕ್ಷಿಣ್ಯ ಬೇಡ. ದೊಡ್ಡವರಿಗೆ ಒಂದು ಇಂಜೆಕ್ಷನ್ ಎಂದರೆ ಒಂದು ಇಂಜೆಕ್ಷನ್. ಕೂಸಿಗೆ ಹಾಗಲ್ಲ, ಎಲ್ಲವೂ ತೂಕದ ಮೇಲೆ. ಜೆಂಟಾಮೈಸಿನ್ 2 ಮಿ.ಲೀ. ಶೀಶೆಯಲ್ಲಿ 80 ಮಿಲಿಗ್ರಾಂ ಇರುತ್ತದೆ. ಎರಡು ಕಿಲೋ ಕೂಸಿಗೆ ಕಿಲೋಗೆ 5 ಮಿಲಿಗ್ರಾಂನಂತೆ ಬರೆದಿದ್ದರೆ ಕೊಡಬೇಕಾದದ್ದು 10 ಮಿಲಿಗ್ರಾಂ, ಅಂದರೆ ಕಾಲು ಮಿ.ಲೀ. ಶೀಶೆ ಪೂರ್ತಿ ಏರಿಸಿದರೆ ಎಂಟು ಪಟ್ಟು. ಜ್ವರದ ಪ್ಯಾರಸಿಟಮಾಲ್ ಕೂಡ ಹೀಗೆಯೇ. ಎಂಟು ಕಿಲೋ ಮಗುವಿಗೆ ಕಿಲೋಗೆ 15ರ ಲೆಕ್ಕದಲ್ಲಿ 120 ಮಿಲಿಗ್ರಾಂ ಬೇಕು. ಒಂದು ಬಗೆಯ ಸಿರಪ್ಪಿನಲ್ಲಿ ಅದು 5 ಮಿ.ಲೀ. ಆಗುತ್ತದೆ, ಹನಿ ಹಾಕುವ ಸಣ್ಣ ಬಾಟಲಿಯಲ್ಲಿ ಬರೀ 1.2 ಮಿ.ಲೀ. ಹೆಸರು ಒಂದೇ, ಬಣ್ಣವೂ ಕೆಲವೊಮ್ಮೆ ಒಂದೇ. ಬಾಟಲಿಯ ಮೇಲಿನ ಸಣ್ಣಕ್ಷರ ಓದದೆ ಕೈ ಹಾಕಬೇಡಿ. ಸಲೈನ್ ಹಚ್ಚುವಾಗ ಸಣ್ಣ ಹನಿಯ ಸೆಟ್ಟನ್ನೇ ಬಳಸಿ. ಅದರಲ್ಲಿ 60 ಹನಿಗೆ ಒಂದು ಮಿ.ಲೀ., ಆದ್ದರಿಂದ ಗಂಟೆಗೆ ಎಷ್ಟು ಮಿ.ಲೀ. ಬರೆದಿದ್ದಾರೋ ನಿಮಿಷಕ್ಕೆ ಅಷ್ಟೇ ಹನಿ. ಗಂಟೆಗೆ ಹನ್ನೆರಡು ಎಂದರೆ ನಿಮಿಷಕ್ಕೆ ಹನ್ನೆರಡು. ಲೆಕ್ಕ ಹಾಕಿದ ಮೇಲೆ ಇನ್ನೊಬ್ಬರ ಕೈಲಿ ಮತ್ತೆ ಹಾಕಿಸಿ. ಇಪ್ಪತ್ತು ವರ್ಷ ಅನುಭವದವರೂ ಹಾಕಿಸುತ್ತಾರೆ, ಹಾಕಿಸಲೇಬೇಕು.

ರಕ್ತನಾಳ ಸಿಗುವುದು ಮೊದಮೊದಲು ದೊಡ್ಡ ಪರೀಕ್ಷೆ. ಹಳದಿ ಬಣ್ಣದ 24ನೇ ನಂಬರಿನ ಕ್ಯಾನುಲಾ ಹಿಡಿದು ಕೈ ನಡುಗುತ್ತದೆ. ಎರಡು ಸಲ ಚುಚ್ಚಿ ಸಿಗದಿದ್ದರೆ ಮೂರನೆಯದನ್ನು ಬೇರೆಯವರಿಗೆ ಬಿಡಿ. ಚುಚ್ಚುವಾಗ ಕೂಸಿನ ಬಾಯಲ್ಲಿ ತಾಯಿಯ ಮೊಲೆ ಇದ್ದರೆ ನೋವು ಕಡಿಮೆ ಎಂಬುದು ಸಾಬೀತಾದ ವಿಷಯ, ತಾಯಿಯನ್ನು ಹೊರಗೆ ಕಳಿಸಬೇಡಿ.

ನಮ್ಮದು ಹೊಲದ ಜಿಲ್ಲೆ. ಗೋವಿನಜೋಳ, ಹತ್ತಿ, ಮೆಣಸಿನಕಾಯಿ. ರಾಣೆಬೆನ್ನೂರಿನ ಸುತ್ತ ತರಕಾರಿಯ ಹೈಬ್ರಿಡ್ ಬೀಜ ತೆಗೆಯುವ ಹೊಲಗಳು. ಪಾಠಪುಸ್ತಕದ ಮಕ್ಕಳ ರೋಗಗಳ ಜೊತೆ ಇಲ್ಲಿ ಹೊಲದಿಂದ ಬರುವ ಕೇಸುಗಳೂ ಇವೆ. ತಂಪು ಪಾನೀಯದ ಬಾಟಲಿಗೆ ತುಂಬಿಟ್ಟ ಎಣ್ಣಿಯನ್ನು, ಅಂದರೆ ಕೀಟನಾಶಕವನ್ನು, ಮಗು ಕುಡಿದುಬಿಟ್ಟಿರುತ್ತದೆ. ಮನೆಯವರು ಅಂಜಿ ಮುಚ್ಚಿಡುತ್ತಾರೆ, ವಾಂತಿ ಭೇದಿ ಎನ್ನುತ್ತಾರೆ. ನೀವು ಕಣ್ಣುಪಾಪೆ ನೋಡಿ. ಅದು ಸೂಜಿಮೊನೆಯಷ್ಟು ಚಿಕ್ಕದಾಗಿದ್ದು, ಬಾಯಲ್ಲಿ ಜೊಲ್ಲು ಸುರಿಯುತ್ತಾ, ಮೈ ಬೆವರುತ್ತಿದ್ದರೆ ಆ ಬಾಟಲಿಯ ಬಗ್ಗೆ ಮೆಲ್ಲಗೆ ಕೇಳಿ, ಆಟ್ರೋಪಿನ್ ಸಿದ್ಧವಿಡಿ, ವೈದ್ಯರನ್ನು ಕರೆಯಿರಿ, ಮಗುವಿನ ಬಟ್ಟೆ ಬಿಚ್ಚಿ ಮೈ ತೊಳೆಯಿರಿ. ಚೇಳು ಕಡಿದ ಮಗುವಿನದ್ದು ಇನ್ನೊಂದು ಬಗೆ: ಕೈಕಾಲು ತಣ್ಣಗೆ, ವಿಪರೀತ ಬೆವರು, ವಾಂತಿ, ಓಡುವ ಎದೆಬಡಿತ. ಒಂದು ಕಾಲಕ್ಕೆ ಕೆಂಪು ಚೇಳು ಕಡಿದ ಮಕ್ಕಳು ನಮ್ಮ ಕಣ್ಣೆದುರೇ ಪುಪ್ಪುಸದಲ್ಲಿ ನೀರು ತುಂಬಿ ಹೋಗುತ್ತಿದ್ದರು. ಮಹಾರಾಷ್ಟ್ರದ ಮಹಾಡ ಎಂಬ ಊರಿನ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಹಳ್ಳಿಯ ದವಾಖಾನೆಯಲ್ಲಿ ರಾತ್ರಿಯಿಡೀ ಹಾಸಿಗೆಯ ಪಕ್ಕ ಕೂತು ಆ ಲಕ್ಷಣಗಳನ್ನು ಗುರುತಿಸಿದರು. ಪ್ರಾಜೋಸಿನ್ ಎಂಬ ಅಗ್ಗದ ಗುಳಿಗೆಯಿಂದ ಆ ಸಾವನ್ನು ತಡೆಯಬಹುದೆಂದು ತೋರಿಸಿಕೊಟ್ಟರು. ಯಾವ ದೊಡ್ಡ ಸಲಕರಣೆಯೂ ಅವರ ಬಳಿ ಇರಲಿಲ್ಲ. ನೋಡುವುದರ ಬಗ್ಗೆ ನಾನು ಆಗಲೇ ಹೇಳಿದ್ದು ಇದನ್ನೇ.

ಈಗ ಅಪೌಷ್ಟಿಕ ಮಕ್ಕಳು. ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದು, ಬೇರೆ ತೊಡಕೂ ಇರುವ ಮಕ್ಕಳನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿ ಸುಮಾರು ಎರಡು ವಾರ ಇಟ್ಟುಕೊಳ್ಳುತ್ತಾರೆ. ಮೊದಲ ದಿನಗಳಲ್ಲಿ ಎರಡು ಗಂಟೆಗೊಮ್ಮೆ, ರಾತ್ರಿಯೂ ಬಿಡದೆ, ಅಳತೆಯ ತೆಳು ಹಾಲು. "ಮಗ ಒಣಗಿ ಕಡ್ಡಿ ಆಗೇತಿ, ಇಷ್ಟ ಹಾಲು ಕೊಟ್ರ ಹೆಂಗ್ರೀ?" ಎಂದು ತಾಯಿ ಕೇಳುತ್ತಾಳೆ, ಸೆರಗಿನ ಮರೆಯಲ್ಲಿ ಬಿಸ್ಕತ್ತು ತಿನ್ನಿಸುತ್ತಾಳೆ. ಬಹುಕಾಲ ಹಸಿದ ದೇಹಕ್ಕೆ ಒಮ್ಮೆಲೇ ಉಣಿಸಿದರೆ ಹೃದಯ ತಡೆಯದು ಎಂಬುದನ್ನು ಅವಳಿಗೆ ಕೂತು ವಿವರಿಸಬೇಕು. ಆದರೆ ಅವಳ ಮನಸ್ಸು ಇನ್ನೆಲ್ಲೋ ಇರುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ನಡೆದಿರುತ್ತದೆ. ಆವಾರದಲ್ಲಿ ತೊಟ್ಟು ಮುರಿಯಲು ಹೋದರೆ ಅಂದಿನ ಕೂಲಿ. ಮನೆಯಲ್ಲಿ ಇನ್ನಿಬ್ಬರು ಮಕ್ಕಳು. ರಾಣೆಬೆನ್ನೂರಿನ ಕಡೆಯವಳಾದರೆ ಹೂವಿಗೆ ಹೂವಿನ ಪುಡಿ ಮುಟ್ಟಿಸುವ ಕ್ರಾಸಿಂಗ್ ಕೆಲಸ, ಅದಂತೂ ಒಂದು ದಿನ ತಪ್ಪಿಸಿದರೆ ಮಾಲೀಕ ಬೇರೆಯವಳನ್ನು ಕರೆಯುತ್ತಾನೆ. ಕೇಂದ್ರದಲ್ಲಿ ತಾಯಿಗೆ ಕೂಲಿ ನಷ್ಟದ ಪರಿಹಾರ ಕೊಡುವ ನಿಯಮ ಇದಕ್ಕೇ ಇದೆ. ಆ ಹಣ ಬಿಡುಗಡೆಯ ದಿನವೇ ಅವಳ ಕೈಸೇರುವಂತೆ ಕಾಗದಪತ್ರ ಮೊದಲ ದಿನವೇ ಬರೆದಿಡಿ. "ಮಗುವನ್ನು ಅರ್ಧಕ್ಕೇ ಬಿಡಿಸಿಕೊಂಡು ಹೋದಳು, ಕಾಳಜಿ ಇಲ್ಲ" ಎಂದು ಅವಳ ಬೆನ್ನ ಹಿಂದೆ ಆಡುವ ಮಾತು ನನಗೆ ಸೇರುವುದಿಲ್ಲ.

ಡ್ಯೂಟಿ ಪಟ್ಟಿ ಬರೆಯುವವರಿಗೆ ಹೇಳಬೇಕೆಂದಿದ್ದ ಮಾತು ಇಲ್ಲಿದೆ. ಹೊಸ ನರ್ಸನ್ನು ಮೊದಲ ತಿಂಗಳುಗಳಲ್ಲಿ ಮಕ್ಕಳ ವಾರ್ಡಿನ ರಾತ್ರಿ ಪಾಳಿಗೆ ಒಬ್ಬಳನ್ನೇ ಹಾಕಬೇಡಿ. ಕೊರತೆ ಎಷ್ಟಿದೆ ಎಂದು ಬಲ್ಲೆ. ವಿಶೇಷ ಘಟಕದಲ್ಲಿ ಮೂರು ನಾಲ್ಕು ಕೂಸಿಗೆ ಒಬ್ಬ ನರ್ಸು ಇರಬೇಕೆಂಬ ಮಾರ್ಗಸೂಚಿ ಎಷ್ಟು ಕಡೆ ಕಾಗದದಲ್ಲೇ ಉಳಿದಿದೆ ಎಂಬುದನ್ನೂ ಬಲ್ಲೆ. ಆದರೂ ಹೇಳುತ್ತೇನೆ. ಹಸುಗೂಸುಗಳ ಘಟಕಕ್ಕೆ ಬರುವ ನರ್ಸಿಗೆ ನಾಲ್ಕು ದಿನದ ತರಬೇತಿ, ಆಮೇಲೆ ದೊಡ್ಡ ಆಸ್ಪತ್ರೆಯೊಂದರಲ್ಲಿ ಎರಡು ವಾರ ನಿಂತು ನೋಡಿ ಕಲಿಯುವುದು ಎಂದು ರಾಷ್ಟ್ರೀಯ ಮಾರ್ಗಸೂಚಿಯೇ ಇದೆ. ಅದನ್ನು ಕೊಡಿ. ಕೊಟ್ಟ ಮೇಲೆ ಆರು ತಿಂಗಳಿಗೆ ಅವಳನ್ನು ಕಣ್ಣಿನ ವಾರ್ಡಿಗೋ ಹೊರರೋಗಿ ವಿಭಾಗಕ್ಕೋ ಎತ್ತಿಹಾಕಬೇಡಿ. ಕೂಸಿನ ಮೈಬಣ್ಣ ನೋಡಿಯೇ ಏನೋ ಸರಿಯಿಲ್ಲ ಎಂದು ತಿಳಿಯುವ ಕಣ್ಣು ಬರಲು ವರ್ಷಗಳು ಬೇಕು, ಆ ಕಣ್ಣು ಹಿರಿಯ ಸಿಸ್ಟರ್ ಒಬ್ಬಳ ಪಕ್ಕ ನಿಂತಾಗ ಬರುತ್ತದೆ. ಈ ಘಟಕಗಳ ನರ್ಸುಗಳಲ್ಲಿ ಬಹಳ ಮಂದಿ ಗುತ್ತಿಗೆಯ ಮೇಲೆ ದುಡಿಯುವವರು, ಪ್ರತಿ ವರ್ಷ ನವೀಕರಣದ ಚಿಂತೆಯಲ್ಲಿರುವವರು. 2020ರ ಅಂಕಿಅಂಶದಂತೆ ಕರ್ನಾಟಕದಲ್ಲಿ ಹುಟ್ಟಿದ ಪ್ರತಿ 1,000 ಮಕ್ಕಳಲ್ಲಿ ವರ್ಷ ತುಂಬುವ ಮೊದಲೇ ತೀರಿಹೋದವು 19. ದೇಶದ ಲೆಕ್ಕ 28. ಈ ಲೆಕ್ಕ ಇನ್ನೂ ಇಳಿಯಬೇಕಾದರೆ ಪರಿಣತ ನರ್ಸು ತನ್ನ ಜಾಗದಲ್ಲಿ ನಿಲ್ಲುವಂತೆ ನೋಡಿಕೊಳ್ಳಬೇಕು. ಯಂತ್ರವನ್ನು ಒಂದು ತಿಂಗಳಲ್ಲಿ ತರಿಸಬಹುದು, ಅವಳನ್ನಲ್ಲ.

ಮಗುವೊಂದು ನಿಮ್ಮ ಪಾಳಿಯಲ್ಲಿ ತೀರಿಹೋಗುವ ದಿನ ಬರುತ್ತದೆ. ಅದನ್ನು ಮರೆಮಾಚಿ ನಿಮಗೆ ಧೈರ್ಯ ಹೇಳಲಾರೆ. ಆ ಹೊತ್ತಿನಲ್ಲಿ ಕೊಳವೆಗಳನ್ನು ತೆಗೆದು, ಮುಖ ಒರೆಸಿ, ತಾಯಿಯ ತೊಡೆಯ ಮೇಲೆ ಕೊಡಿ. ಹೆಸರು ಇಟ್ಟಿದ್ದರೆ ಹೆಸರು ಹಿಡಿದೇ ಮಾತಾಡಿ. ಅವಳನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಸಹಿ ಹಾಕಿಸಬೇಡಿ. ನಿಮಗೆ ಅಳು ಬಂದರೆ ಅಳಿ, ಅದರಿಂದ ನಿಮ್ಮ ಸಮವಸ್ತ್ರಕ್ಕೆ ಕುಂದಿಲ್ಲ. ಹಿರಿಯ ಸಿಸ್ಟರುಗಳಲ್ಲಿ ನನ್ನ ಬೇಡಿಕೆ ಏನೆಂದರೆ, ಆ ದಿನ ಹೊಸಬಳನ್ನು ಊಟಕ್ಕೆ ನಿಮ್ಮ ಜೊತೆ ಕೂರಿಸಿಕೊಳ್ಳಿ. ಏನು ನಡೆಯಿತು, ಎಷ್ಟು ಹೊತ್ತಿಗೆ ಏನು ಮಾಡಿದಳು ಎಂದು ಅವಳ ಬಾಯಿಂದಲೇ ಹೇಳಿಸಿ. ತಪ್ಪು ಹುಡುಕಲು ಬೇರೆ ದಿನಗಳಿವೆ.

ಕೊನೆಗೆ, ಕೂಸನ್ನು ಮನೆಗೆ ಕಳಿಸುವ ದಿನದ ಬಗ್ಗೆ. ಎಲ್ಲರಿಗೂ ಸಂತೋಷದ ಅವಸರ ಇರುತ್ತದೆ, ಆ ಅವಸರದಲ್ಲೇ ಒಂದು ಮಾತು ಬಿಟ್ಟುಹೋಗುತ್ತದೆ. ಎರಡು ಕಿಲೋಗಿಂತ ಕಡಿಮೆ ತೂಕದ, ಅವಧಿಗೆ ಮೊದಲೇ ಹುಟ್ಟಿದ ಕೂಸಿನ ಕಣ್ಣಿನ ಹಿಂಪರದೆಯಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕುರುಡಾಗುವ ಅಪಾಯವಿದೆ. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಹುಟ್ಟಿದ 30 ದಿನದೊಳಗೆ ಪರೀಕ್ಷೆ ಮಾಡಿಸಿದರೆ ಲೇಸರ್ ಚಿಕಿತ್ಸೆಯಿಂದ ಉಳಿಸಬಹುದು. ತಡವಾದರೆ ಏನೂ ಮಾಡಲಾಗದು. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ ವಿನೇಕರ್ ಮತ್ತು ಅವರ ತಂಡದವರು 2008ರಿಂದ ಕಿಡ್ರಾಪ್ ಎಂಬ ಯೋಜನೆಯಡಿ ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೇ ಹೋಗಿ ಕೂಸುಗಳ ಕಣ್ಣಿನ ಚಿತ್ರ ತೆಗೆದು ಪರೀಕ್ಷಿಸುವ ದಾರಿ ಹಾಕಿಕೊಟ್ಟಿದ್ದಾರೆ. ಬಿಡುಗಡೆಯ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದದ್ದು ಹಳ್ಳಿಯ ತಾಯಿಗೆ ಗೊತ್ತಾಗುವುದಿಲ್ಲ. ತಾಯಿ ಕಾರ್ಡಿನ ಮೇಲೆ ಕಣ್ಣಿನ ಪರೀಕ್ಷೆಯ ತಾರೀಖು, ವಾರ, ಜಾಗ ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ. ಅಜ್ಜಿಗೂ ಅಪ್ಪನಿಗೂ ಓದಿ ಹೇಳಿ, ಅವರ ಬಾಯಿಂದ ಮತ್ತೆ ಹೇಳಿಸಿ. ಊರಿನ ಆಶಾ ಕಾರ್ಯಕರ್ತೆಯ ಫೋನ್ ನಂಬರು ವಾರ್ಡಿನ ಪುಸ್ತಕದಲ್ಲಿ ಬರೆದುಕೊಳ್ಳಿ. ಆ ತಾರೀಖಿನಂದು ಕೂಸು ಬಾರದಿದ್ದರೆ ಮರುದಿನ ಬೆಳಿಗ್ಗೆಯೇ ಅವರಿಗೆ ಫೋನ್ ಮಾಡಿ.